ಅಪ್‌ಡೇಟ್: ಇ-ರೀಡರ್ ಕೊಂಡೆ, ಆದರೆ ಆರಿಂಚಿನದ್ದಲ್ಲ

ಕನ್ನಡ ಓದಲಿಕ್ಕೆ ಇ-ರೀಡರ್ (ಇ-ಪುಸ್ತಕ ಓದಲೆಂದೇ ಇರುವ ಸಾಧನ) ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೆನಲ್ಲ, ಬದಿಯಡ್ಕದವನು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. "ಮೊದಲು ಯಾರದ್ದಾದರೂ ತಂದು ಓದಿ ನೋಡಿ" ಎಂದವರ ಮಾತೇ ಹೆಚ್ಚು ಉಪಯೋಗಕ್ಕೆ ಬಂತು. ಭಾವನ ಆರಿಂಚಿನ ರೀಡರ್ ತಂದೆ.

ಇಪಬ್ ಫೈಲುಗಳು (ಅಕ್ಷರ ದೊಡ್ಡದು ಮಾಡಿದರೂ ಸಾಲುಗಳು ಪರದೆಗೆ ಹೊಂದಿಕೊಳ್ಳುವ ಇ-ಪುಸ್ತಕಗಳು) ಸಲೀಸಾಗಿ ಓದಿಸಿಕೊಂಡವು. ಒತ್ತಕ್ಷರಗಳೂ ಸರಿಯಾಗಿ ಕೂತವು. ತಾಪತ್ರಯ ಇರುವುದು ಪಿಡಿಎಫ್‌ನಲ್ಲಿ. ನನಗೆ ಬೇಕಾದದ್ದು ಹಳೆಯ ಪುಸ್ತಕಗಳು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಕಾಪಿರೈಟಿನ 60 ವರ್ಷ ಮುಗಿದು 2024ರಿಂದ ಅವರ ಬರಹ ಎಲ್ಲರಿಗೂ ಮುಕ್ತ. ಆದರೆ ಇಂಥ ಹಳೆಯವು ಹೆಚ್ಚಾಗಿ ಸಿಗುವುದು ಸ್ಕ್ಯಾನ್ ಮಾಡಿದ ಪುಟಗಳಾಗಿ. ಅವು ಬರೀ ಚಿತ್ರ. ಹಿಗ್ಗಿಸಿದರೆ ಸಾಲುಗಳು ಪರದೆಯ ಅಗಲಕ್ಕೆ ಹೊಂದಿಕೊಳ್ಳುವುದಿಲ್ಲ, ಪುಟವನ್ನೇ ಅತ್ತ ಇತ್ತ ಎಳೆಯುತ್ತಾ ಕೂರಬೇಕು. ರೀಡರಿನ ಇ-ಇಂಕ್ ಪರದೆ (ಕಾಗದದ ಹಾಗೆ ಕಾಣುವಂಥದ್ದು) ಪ್ರತಿ ಸಲ ಮಿಣುಕುವಾಗ ನನ್ನ ತಾಳ್ಮೆ ಮುಗಿಯಿತು.

ಹಾಗಾಗಿ ಮಂಗಳೂರಿನಲ್ಲಿ ಒಬ್ಬರಿಂದ 10.3 ಇಂಚಿನ, ಆಂಡ್ರಾಯ್ಡ್ ಇರುವ ಸೆಕೆಂಡ್ ಹ್ಯಾಂಡ್ ರೀಡರ್ ತೆಗೆದುಕೊಂಡೆ. ಇಡೀ ಪುಟ ಒಮ್ಮೆಗೇ ಕಾಣುತ್ತದೆ, ಕನ್ನಡ ಇ-ಪುಸ್ತಕಗಳ ಆ್ಯಪ್‌ಗಳನ್ನೂ ಹಾಕಿಕೊಳ್ಳಬಹುದು. ಭಾರ ಜಾಸ್ತಿ, ಮಲಗಿಕೊಂಡು ಓದುವ ಆಸೆ ಬಿಟ್ಟೆ. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟಿನ ಕಥೆ ಗೊತ್ತಲ್ಲ? ಇ-ಇಂಕ್ ಪರದೆ ಬ್ಯಾಟರಿ ತಿನ್ನುವುದು ಪುಟ ಮಗುಚುವಾಗ ಮಾತ್ರ. ಲೈಟು, ವೈಫೈ ಆಫ್ ಮಾಡಿಟ್ಟರೆ ತಲೆಬಿಸಿ ಇಲ್ಲ.

ಅಮ್ಮ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ವಾರಪತ್ರಿಕೆಗೇ ವಾಪಸು ಹೋದರು.

ಈಗ ಕವರ್ ಹುಡುಕುತ್ತಿದ್ದೇನೆ. ಈ ಅಳತೆಯದ್ದು ಕಾಸರಗೋಡಿನಲ್ಲೋ ಕುಂಬಳೆಯಲ್ಲೋ ಯಾರಿಗಾದರೂ ಕಂಡಿದ್ದರೆ ತಿಳಿಸಿ.