ಒಂಬತ್ತನೇ ಕ್ಲಾಸಿಗೆ ಕನ್ನಡ ಬಿಡಿಸಬೇಕಾ? ನಮ್ಮ ಮನೆಯ ಕತೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಅಮೆರಿಕದ ಕನ್ನಡದವರ ನಮ್ಮ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಮಗ ಆಗಸ್ಟ್‌ನಲ್ಲಿ ಒಂಬತ್ತನೇ ಕ್ಲಾಸಿಗೆ ಹೋಗುತ್ತಾನೆ, ಅಂದರೆ ಹೈಸ್ಕೂಲು, ಇನ್ನು ಕಾಲೇಜು ಸೇರುವುದಕ್ಕೆ ಮಾರ್ಕ್ಸಿನ ಲೆಕ್ಕ ಶುರು, ಭಾನುವಾರದ ಕನ್ನಡ ಕ್ಲಾಸು ಬಿಡಿಸಿಬಿಡಲಾ ಅಂತ. ಬಿಡಿಸಿ ಅಂತ ಅರ್ಧ ಗುಂಪು, ಖಂಡಿತ ಬೇಡ ಅಂತ ಇನ್ನರ್ಧ. ನಾನು ಸುಮ್ಮನಿದ್ದೆ. ಹೋದ ವಾರ ನಮ್ಮ ಮಗಳ ಹೈಸ್ಕೂಲ್ ಗ್ರಾಜುಯೇಶನ್ (ಇಲ್ಲಿ ಹನ್ನೆರಡನೇ ಕ್ಲಾಸು ಮುಗಿದಾಗ) ಆಯಿತು, 2024ರ ಬ್ಯಾಚು. ಈಗ ಹೇಳುವುದಕ್ಕೆ ಏನೋ ಸಿಕ್ಕಿದೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಶನಿವಾರ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಹಿತ್ತಲಿನಲ್ಲಿ ನಾಲ್ಕು ಕನ್ನಡದ ಮನೆಯವರು ಸೇರಿದ್ದೆವು. ನಾಲ್ಕೂ ಮಕ್ಕಳು ಒಂದೇ ಬ್ಯಾಚು. ನಾಲ್ಕು ವರ್ಷದ ಇಯರ್‌ಬುಕ್ಕುಗಳನ್ನು (ಶಾಲೆಯವರು ವರ್ಷಕ್ಕೊಂದು ತರುವ ಫೋಟೋ ಪುಸ್ತಕ) ಹರಡಿಕೊಂಡು ಕೂತಿದ್ದರು. ನಾನು ಅಡುಗೆಮನೆ ಕಿಟಕಿ ಪಕ್ಕ ಬಿಸಿಬೇಳೆ ಬಾತಿಗೆ ಒಗ್ಗರಣೆ ಹಾಕುತ್ತಿದ್ದೆ. ಕದ್ದು ಕೇಳಿದೆ ಅಂತ ಬೇಕಾದರೆ ಅನ್ನಿ.

ಮೊದಲ ಇಯರ್‌ಬುಕ್ಕಿನ ತುಂಬ ಜ಼ೂಮಿನ ಚೌಕಗಳು. ಅದರಲ್ಲಿ ಅರ್ಧ ಕಪ್ಪು. ಈ ಮಕ್ಕಳು ಎಂಟನೇ ಕ್ಲಾಸಿನಲ್ಲಿದ್ದಾಗ, 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಮಿಡ್ಲ್ ಸ್ಕೂಲಿನ ಬೀಳ್ಕೊಡುಗೆ ಅಂದರೆ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಧಾನಕ್ಕೆ ಓಡಿಸಿ, ಕಿಟಕಿಯಿಂದ ಕೈ ಬೀಸಿದ್ದು. ಹೈಸ್ಕೂಲು ಶುರುವಾಗಿದ್ದು ಅವರವರ ಮಂಚದ ಮೇಲೆ. “ನಮಗೆ ಹೈಸ್ಕೂಲ್ ಮೂರೇ ವರ್ಷ, ಫ್ರೆಶ್‌ಮನ್ ಇಯರ್ ಇರಲೇ ಇಲ್ಲ” ಅಂದ ಒಬ್ಬ. (ಫ್ರೆಶ್‌ಮನ್ ಇಯರ್ ಅಂದರೆ ಹೈಸ್ಕೂಲಿನ ಮೊದಲ ವರ್ಷ, ಒಂಬತ್ತನೇ ಕ್ಲಾಸು.) ಉಳಿದವರು ಹೌದು ಹೌದು ಅಂದರು.

ನನಗೆ ಚುರುಕ್ ಅಂದಿತು. ಯಾಕೆಂದರೆ ನಾವು ಅಪ್ಪ ಅಮ್ಮಂದಿರು ಬಹಳ ನೆಮ್ಮದಿಯಾಗಿದ್ದ ವರ್ಷ ಅದು. ಮಗಳು ಕಣ್ಣೆದುರೇ ಇದ್ದಳು, ಎಲ್ಲದರಲ್ಲೂ ‘ಎ’ ಬಂದಿತ್ತು, ಕೆಟ್ಟ ಸಹವಾಸ ಇರಲಿ, ಸಹವಾಸವೇ ಇರಲಿಲ್ಲ! ಅದನ್ನು ಒಳ್ಳೇದು ಅಂದುಕೊಂಡಿದ್ದೆವು ನೋಡಿ.

ಆಮೇಲೆ ಕಿತ್ತಳೆ ಆಕಾಶದ ಮಾತು ಬಂತು. ಆಗ ಇಲ್ಲಿ ಇದ್ದವರಿಗೆ ನೆನಪಿರುತ್ತದೆ, 2020ರ ಸೆಪ್ಟೆಂಬರ್ 9. ಕಾಡ್ಗಿಚ್ಚಿನ ಹೊಗೆ ಮೇಲೆ, ಮಂಜು ಕೆಳಗೆ, ಬೆಳಿಗ್ಗೆ ಹತ್ತು ಗಂಟೆಗೂ ಬೀದಿ ದೀಪ ಉರಿಯುತ್ತಿತ್ತು. ಆ ದಿನ ಇಡೀ ಕ್ಲಾಸು ಕ್ಯಾಮೆರಾ ಆನ್ ಮಾಡಿ ಕಿಟಕಿ ಕಡೆ ತಿರುಗಿಸಿತ್ತಂತೆ. ಯಾರೂ ಹೇಳಿದ್ದಲ್ಲ. ಆ ಸೆಮಿಸ್ಟರಿನಲ್ಲಿ ಎಲ್ಲರೂ ಕ್ಯಾಮೆರಾ ಆನ್ ಮಾಡಿದ್ದು ಅದೊಂದೇ ದಿನವಂತೆ. ಮುಖ ತೋರಿಸಲಿಲ್ಲ, ಆಕಾಶ ತೋರಿಸಿದರು.

ಆಗ ನಮ್ಮ ಮಗಳು ಹೇಳಿದಳು, “ಅವತ್ತು ನಮ್ಮಜ್ಜಿ ದೇವರ ದೀಪ ಹಚ್ಚಿಬಿಟ್ಟರು, ಸಂಜೆ ಆಯ್ತು ಅಂತ.”

ನಮ್ಮಮ್ಮ 2020ರ ಜನವರಿಯಲ್ಲಿ ಮೈಸೂರಿನಿಂದ ಆರು ತಿಂಗಳಿಗೆ ಅಂತ ಬಂದವರು. ಮಾರ್ಚ್‌ನಲ್ಲಿ ಇಂಡಿಯಾದ ವಿಮಾನ ನಿಂತವು. ವೀಸಾ ಅವಧಿ ಮುಂದುವರಿಸಿ ಇಟ್ಟುಕೊಂಡೆವು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ನೇರ ವಿಮಾನ 2021ರ ಜನವರಿಯಲ್ಲಿ ಶುರುವಾಯಿತಲ್ಲ, ಅದರಲ್ಲೇ ಆ ತಿಂಗಳ ಕೊನೆಗೆ ವಾಪಸ್ ಕಳಿಸಿದ್ದು. ಸರಿಯಾಗಿ ಒಂದು ವರ್ಷ.

ಆ ವರ್ಷ ಬಯಾಲಜಿ ಕ್ಲಾಸಿನಲ್ಲಿ ಇವಳು ಅಜ್ಜಿ ಜೊತೆ ಚೌಕಾಬಾರ ಆಡುತ್ತಿದ್ದಳಂತೆ! ಕ್ಯಾಮೆರಾ ಆಫ್, ಮೈಕ್ ಆಫ್, ಮಂಚದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದ ರಟ್ಟು. ಒಂದು ದಿನ ಮೈಕ್ ಆಫ್ ಮಾಡುವುದು ಮರೆತು, ಕವಡೆ ಸದ್ದಿನ ಜೊತೆ “ಹೊಡಿ ಅವಳ ಕಾಯಿ!” ಅಂತ ಅಜ್ಜಿ ಕೂಗಿದ್ದು ಇಡೀ ಕ್ಲಾಸಿಗೆ ಕೇಳಿಸಿತಂತೆ. ಆಡುತ್ತಿದ್ದುದು ಇಬ್ಬರೇ ಆದರೂ ಅಮ್ಮನಿಗೆ ತಮ್ಮ ಕವಡೆಗೆ ತಾವೇ ಹುರಿದುಂಬಿಸುವ ಅಭ್ಯಾಸ. ಟೀಚರ್ ಅದು ಏನು ಭಾಷೆ ಅಂತ ಕೇಳಿದರಂತೆ, ಬೈಯಲಿಲ್ಲವಂತೆ. ಪಕ್ಕದ ರೂಮಿನಲ್ಲಿ ಮೀಟಿಂಗಿನಲ್ಲಿದ್ದ ನನಗೆ ಇದು ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ. ಒಗ್ಗರಣೆ ಸೀದುಹೋಯಿತು.

ಈಗ ಕನ್ನಡ ಕ್ಲಾಸಿನ ವಿಷಯ. ನಾವು ಬಿಡಿಸಿದೆವು. ಹತ್ತನೇ ಕ್ಲಾಸಿನಲ್ಲಿ ಶಾಲೆ ನಿಜವಾಗಿ ಶುರುವಾಯಿತು, ಮಾಸ್ಕ್ ಹಾಕಿಕೊಂಡು. (2022ರ ಮಾರ್ಚ್‌ನಲ್ಲಿ ಕಡ್ಡಾಯ ಹೋದಾಗ “ಅಮ್ಮ, ಎಲ್ಲರ ಗಲ್ಲ ಬೇರೆ ಥರ ಇದೆ” ಅಂದಿದ್ದಳು.) ವಾರಾಂತ್ಯದಲ್ಲಿ ಈಜು ಸ್ಪರ್ಧೆ. ಭಾನುವಾರ ಬೆಳಿಗ್ಗೆ ಕನ್ನಡ ಅಂದರೆ ಮುಖ ಊದಿಸುತ್ತಿದ್ದಳು. ಹೋಗಲಿ ಅಂತ ಬಿಟ್ಟೆವು. ಶಾಲೆಯಲ್ಲಿ ಸ್ಪ್ಯಾನಿಷ್ ನಾಲ್ಕು ವರ್ಷ ಓದಿದಳು. ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆ ಚೆನ್ನಾಗಿ ಬಂದರೆ ಡಿಪ್ಲೊಮಾ ಮೇಲೆ ಒಂದು ಚಿನ್ನದ ಬಣ್ಣದ ಮುದ್ರೆ ಹಾಕುತ್ತಾರಲ್ಲ, ಸೀಲ್ ಆಫ್ ಬೈಲಿಟರಸಿ, ಅದು ಇವಳಿಗೂ ಬಂತು. ಸ್ಪ್ಯಾನಿಷಿಗೆ! ನಮ್ಮ ಮನೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಮ್ಮ ವಂಶದಲ್ಲಿ ಸ್ಪ್ಯಾನಿಷ್ ಅಜ್ಜಿ ಯಾರು?” ಅಂದರು.

ಆ ನಾಲ್ವರಲ್ಲಿ ಇನ್ನೊಬ್ಬ ಹುಡುಗ ಕನ್ನಡ ಕ್ಲಾಸು ಬಿಡಲಿಲ್ಲ. ಬರೆಯುವ, ಮಾತಾಡುವ ಪರೀಕ್ಷೆ ಕೊಟ್ಟು ಕನ್ನಡಕ್ಕೇ ಆ ಮುದ್ರೆ ತಂದ. ಅವನ ಅಮ್ಮನ ಮುಖ ನೋಡಬೇಕಿತ್ತು, ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ. ಅವನು ನನಗೆ ಬಂದ ವಾಟ್ಸಾಪ್ ಫಾರ್ವರ್ಡ್ ಪಟಪಟ ಓದಿದ. ನಮ್ಮವಳು ಬೋರ್ಡು ಓದುವ ಹಾಗೆ ಅಕ್ಷರ ಕೂಡಿಸುತ್ತಾಳೆ. ಆದರೆ ಊರಿನಿಂದ ಫೋನ್ ಬಂದರೆ ಅವನದು ಹೂಂ, ಹೂಂ, ಅಷ್ಟೇ. ನಮ್ಮವಳು ಅಜ್ಜಿ ಜೊತೆ ಜಗಳ ಆಡುತ್ತಾಳೆ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ: ಮಾರ್ಕ್ಸಿನ ಹೆದರಿಕೆಗೆ ಬಿಡಿಸಬೇಡಿ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಒಂಬತ್ತನೇ ಕ್ಲಾಸಿನ ಗ್ರೇಡ್ ಸೇರಿಸುವುದೇ ಇಲ್ಲ, ಹತ್ತು ಮತ್ತು ಹನ್ನೊಂದರದ್ದು ಮಾತ್ರ. ಸ್ಯಾಟ್ ಪ್ರವೇಶ ಪರೀಕ್ಷೆಯ ಅಂಕವನ್ನೂ ನೋಡುವುದಿಲ್ಲ. ಭಾನುವಾರದ ಎರಡು ಗಂಟೆಯಿಂದ ಯಾರ ಕಾಲೇಜೂ ತಪ್ಪುವುದಿಲ್ಲ. ನಿಮ್ಮ ಮಗನಿಗೇ ಬೇಡವಾದರೆ ಅದು ಬೇರೆ ಮಾತು. ಬಿಡಿಸಿದರೆ ಮನೆಯಲ್ಲಿ ಯಾರ ಜೊತೆ ಕನ್ನಡದಲ್ಲಿ ಜಗಳ ಆಡುತ್ತಾನೆ ಅಂತ ನೋಡಿಕೊಳ್ಳಿ. ನಮಗೆ ಅಜ್ಜಿ ಸಿಕ್ಕಿದ್ದು ವಿಮಾನ ನಿಂತಿದ್ದಕ್ಕೆ, ನಮ್ಮ ಜಾಣತನದಿಂದ ಅಲ್ಲ.

ಕಾಲೇಜಿನ ವಿಷಯ ಬಂತಲ್ಲ, ಈ ಬ್ಯಾಚಿಗೆ ಅಲ್ಲೂ ಸುಖ ಇರಲಿಲ್ಲ. ಅಕ್ಟೋಬರ್‌ನಲ್ಲಿ ತೆರೆಯಬೇಕಿದ್ದ ಫಾಫ್ಸಾ ಅರ್ಜಿ (ಕಾಲೇಜು ಖರ್ಚಿಗೆ ಸರ್ಕಾರದ ಸಹಾಯ ಕೇಳುವ ಅರ್ಜಿ) ಡಿಸೆಂಬರ್ ಕೊನೆಗೆ ತೆರೆಯಿತು, ಕಾಲೇಜು ಒಪ್ಪಿಕೊಳ್ಳುವ ಗಡುವನ್ನು ಯುಸಿ ಮೇ 15ಕ್ಕೆ ತಳ್ಳಿತು. ನಾಲ್ವರಲ್ಲಿ ಒಬ್ಬಳು ಎಚ್4 ವೀಸಾದ ಹುಡುಗಿ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾ ಮೇಲೆ ಇರುವವಳು), ಅವಳಿಗೆ ಫಾಫ್ಸಾ ಸಹಾಯವೂ ಇಲ್ಲ. ನಮ್ಮವಳ ಜೊತೆ ಒಂದೇ ಈಜು ತಂಡ. ಬೇಸಿಗೆಯಲ್ಲಿ ನಮ್ಮವಳು ಲೈಫ್‌ಗಾರ್ಡ್ ಕೆಲಸಕ್ಕೆ ಹೋಗಿ ಸಂಬಳ ತಂದಳು, ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲವಾದ್ದರಿಂದ ಅವಳು ಹೋಗುವ ಹಾಗಿರಲಿಲ್ಲ. ಇಯರ್‌ಬುಕ್ ನೋಡುವಾಗ ಅದರ ಮಾತು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ನಡುವೆ ಮೈಸೂರಿನಿಂದ ನಮ್ಮಣ್ಣನ ಮಗ ವಿಡಿಯೋ ಕಾಲ್ ಮಾಡಿದ. ಅವನು ಎಸ್ಸೆಸ್ಸೆಲ್ಸಿ ಬರೆದಿದ್ದು 2021ರ ಜುಲೈನಲ್ಲಿ. ಆರು ವಿಷಯ, ಎರಡೇ ದಿನ, ಒಎಂಆರ್ ಹಾಳೆಯಲ್ಲಿ ಗುಂಡಿ ತುಂಬಿಸಿದ್ದು. “ನಮ್ಮನ್ನ ಕೊರೊನಾ ಪಾಸ್ ಅಂತಾರೆ, ನಿಮ್ಮನ್ನ?” ಅಂತ ಕೇಳಿದ. ಇವರೆಲ್ಲ ಬಿದ್ದು ಬಿದ್ದು ನಕ್ಕರು.

ಗ್ರಾಜುಯೇಶನ್ ನಡೆದಿದ್ದು ಸಂಜೆ, ಫುಟ್‌ಬಾಲ್ ಮೈದಾನದಲ್ಲಿ. ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ದಾಟಿಸಿದರು, ಆಯಿತು. ಹೆಸರು ಕೂಗುವವರಿಗೆ ಮಕ್ಕಳು ಉಚ್ಚಾರ ಬರೆದ ಚೀಟಿ ಕೊಡಬೇಕು. ನಮ್ಮವಳ ಹೆಸರಿನಲ್ಲಿ ಒಂದು ‘ಳ’ ಇದೆ. ಒಂಬತ್ತನೇ ಕ್ಲಾಸಿನಲ್ಲಿ ಟೀಚರುಗಳು ಹೇಗೆ ಕರೆದರೂ ಸರಿ ಅಂತಿದ್ದವಳು, ಈ ಸಲ ಅಭ್ಯಾಸಕ್ಕೆ ಹೋಗಿ ಅವರಿಗೆ ನಾಲಿಗೆ ಮಡಿಸುವುದು ಹೇಳಿಕೊಟ್ಟು ಬಂದಿದ್ದಳಂತೆ. ಮೈಸೂರಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಸ್ನಾನ ಮುಗಿಸಿ ಫೋನಿನಲ್ಲಿ ಲೈವ್ ನೋಡುತ್ತಿದ್ದರು. ಆಮೇಲೆ ಕಾಲ್ ಮಾಡಿ ಅಂದರು: “ಎಲ್ಲ ಚೆನ್ನಾಗಿತ್ತು ಕಣೇ, ಆದರೆ ಆ ಮೇಷ್ಟ್ರು ‘ಳ’ ನುಂಗಿಬಿಟ್ಟರು.” ಮಗಳು ಬಿಡಲಿಲ್ಲ. “ಇಲ್ಲ ಅಜ್ಜಿ, ಅರ್ಧ ಹೇಳಿದ್ರು, ನಾನು ಹತ್ತಿರದಲ್ಲೇ ಇದ್ದೆ.” ಕಾಲು ಗಂಟೆ ಅದೇ ವಾದ.

ಅಂದಹಾಗೆ, ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಯಾರಾದರೂ ಇದ್ದೀರಾ? ನಮ್ಮ ನಾಲ್ಕು ಕವಡೆಯಲ್ಲಿ ಒಂದು ಕಳೆದಿದೆ. ಇವಳು ಹಾಸ್ಟೆಲಿಗೆ ಒಯ್ಯಬೇಕಂತೆ.