ಚಾಲ್ಕೊಪೈರೈಟ್ ಬಯೋಲೀಚಿಂಗ್: ಕಬ್ಬಿಣ ಆಕ್ಸಿಡೈಸ್ ಆಗ್ತಿದೆ, ತಾಮ್ರ ನಿಂತುಹೋಗಿದೆ

ತಾಮ್ರಗಿರಿ:
ಬ್ಯಾಕ್ಟೀರಿಯಾದಿಂದ ಅದಿರಿನ ತಾಮ್ರ ಕರಗಿಸುವ (ಬಯೋಲೀಚಿಂಗ್) ಪ್ರಯೋಗ. ಅದಿರು ಚಾಲ್ಕೊಪೈರೈಟ್ (ತಾಮ್ರ-ಕಬ್ಬಿಣದ ಸಲ್ಫೈಡ್), ಜೊತೆಗೆ ಸ್ವಲ್ಪ ಪೈರೈಟ್ (ಕಬ್ಬಿಣದ ಸಲ್ಫೈಡ್), ಕ್ಯಾಲ್ಸೈಟ್ (ಸುಣ್ಣದ ಖನಿಜ). 250 ಮಿಲಿ ಫ್ಲಾಸ್ಕ್‌ನಲ್ಲಿ 100 ಮಿಲಿ 9ಕೆ ಮಾಧ್ಯಮ (ಈ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರಾವಣ), 10 ಗ್ರಾಂ ಪುಡಿ. ಅಸಿಡಿಥಿಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್ ಮತ್ತು ಲೆಪ್ಟೊಸ್ಪೈರಿಲಮ್ ಮಿಶ್ರಣ, 30 ಡಿಗ್ರಿ, 150 ಆರ್‌ಪಿಎಂ. ಮೊದಲ ವಾರ ತಾಮ್ರ ಚೆನ್ನಾಗಿ ಕರಗಿತು. ಈಗ ಪಿಎಚ್ 2.6, ರೆಡಾಕ್ಸ್ (ದ್ರಾವಣದ ಆಕ್ಸಿಡೈಸ್ ಮಾಡುವ ಬಲ) 560 ಮಿಲಿವೋಲ್ಟ್ (ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್). ತಳದಲ್ಲಿ, ಗಾಜಿನ ಗೋಡೆಯ ಮೇಲೆ ಹಳದಿ ಪುಡಿ. ಇನ್ನಷ್ಟು ಲೆಪ್ಟೊಸ್ಪೈರಿಲಮ್ ಹಾಕಲಾ?

ಆಮ್ಲಪ್ರಿಯ:
ದಯವಿಟ್ಟು ಹಾಕಬೇಡಿ. ಅದು ಫೆರಸ್ ಕಬ್ಬಿಣವನ್ನು ಕೊನೆಯ ಹನಿಯವರೆಗೂ ಫೆರಿಕ್ (ಹೆಚ್ಚು ಆಕ್ಸಿಡೈಸ್ ಆದ ರೂಪ) ಮಾಡಿ ರೆಡಾಕ್ಸ್ ಏರಿಸುತ್ತೆ. ಪೈರೈಟ್‌ಗೆ ಅದು ಒಳ್ಳೇದು, ಚಾಲ್ಕೊಪೈರೈಟ್‌ಗಲ್ಲ. ಇದು 400–450 ಆಸುಪಾಸಿನಲ್ಲೇ ಬೇಗ ಕರಗೋದು, 500 ದಾಟಿದರೆ ನಿಧಾನವಾಗುತ್ತೆ.

ಹಳದಿ ಪುಡಿ ಬಹುತೇಕ ಜಾರೋಸೈಟ್ (ಅದಿರಿನ ಮೇಲೆ ಪದರ ಕಟ್ಟಿ ಕರಗುವುದನ್ನು ತಡೆಯುವ ಕಬ್ಬಿಣದ ಸಲ್ಫೇಟ್ ಖನಿಜ). ಖಚಿತಪಡಿಸಿಕೊಳ್ಳಿ: ಒಂದು ಚಿಟಿಕೆ ಸೋಸಿ, ತೊಳೆದು, ಬಿಸಿ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ. ಜಾರೋಸೈಟ್ ಕರಗಿ ದ್ರಾವಣ ಹಳದಿಯಾಗುತ್ತೆ, ಗಂಧಕ ಹಾಗೇ ಉಳಿಯುತ್ತೆ. (ಈ ಆಮ್ಲ ಫ್ಲಾಸ್ಕ್‌ಗೆ ಮಾತ್ರ ಸೋಕಬಾರದು, ಕ್ಲೋರೈಡ್ ಈ ಬ್ಯಾಕ್ಟೀರಿಯಾಗಳಿಗೆ ವಿಷ. ಬೋರ್‌ವೆಲ್ ನೀರೂ ಬೇಡ.)

ಜಾರೋಸೈಟ್ ಕಟ್ಟಲು ಕಾರಣ ಎರಡು. ಕ್ಯಾಲ್ಸೈಟ್ ಆಮ್ಲ ತಿಂದಿತು, ಫೆರಸ್ ಆಕ್ಸಿಡೈಸ್ ಆಗುವಾಗಲೂ ಆಮ್ಲ ಖರ್ಚಾಗುತ್ತೆ; ಪಿಎಚ್ 2 ದಾಟಿತು. ಇನ್ನೊಂದು, 9ಕೆಯಲ್ಲಿ ಲೀಟರ್‌ಗೆ 3 ಗ್ರಾಂ ಅಮೋನಿಯಂ ಸಲ್ಫೇಟ್, ಪೊಟ್ಯಾಸಿಯಂ ಲವಣಗಳು, 44 ಗ್ರಾಂನಷ್ಟು ಫೆರಸ್ ಸಲ್ಫೇಟ್ ಇರುತ್ತೆ. ಜಾರೋಸೈಟ್ ಕಟ್ಟಲು ಬೇಕಾದ್ದೆಲ್ಲ ಅಲ್ಲೇ ಇದೆ! ಬೆಳೆಸೋಕೆ ಸರಿ, ಲೀಚಿಂಗ್‌ಗೆ ಲವಣಗಳನ್ನು ಐದನೇ ಒಂದು ಭಾಗಕ್ಕೆ, ಫೆರಸ್ ಸಲ್ಫೇಟ್ 5 ಗ್ರಾಂಗೆ ಇಳಿಸಿ.

ಹೊಸ ಬ್ಯಾಚಿಗೆ ಪುಡಿ 2 ಗ್ರಾಂ ಸಾಕು. ಬ್ಯಾಕ್ಟೀರಿಯಾ ಹಾಕುವ ಮುಂಚೆ ಸಲ್ಫ್ಯೂರಿಕ್ ಆಮ್ಲ ಹನಿಸುತ್ತಾ ಪಿಎಚ್ 1.8ರಲ್ಲಿ 24 ಗಂಟೆ ಅಲುಗದೆ ನಿಲ್ಲಬೇಕು. ಆವಿಯಾದ ನೀರನ್ನು ತೂಕ ನೋಡಿ ತುಂಬಿಸಿ. ಬ್ಯಾಕ್ಟೀರಿಯಾ ಇಲ್ಲದ ಕಂಟ್ರೋಲ್ ಫ್ಲಾಸ್ಕ್ ಇಡದಿದ್ದರೆ ಕರಗಿಸಿದ್ದು ಯಾರು ಅಂತಾನೇ ಗೊತ್ತಾಗಲ್ಲ.

ಗಂಧಕಿ:
ಮೇಲಿನದು ಸರಿ, ಆದರೆ ನಿಮ್ಮ ಬ್ಯಾಕ್ಟೀರಿಯಾ ಗುಂಪಿನಲ್ಲಿ ಗಂಧಕದ ಕೆಲಸ (ಅದಿರಿನ ಗಂಧಕವನ್ನು ಆಕ್ಸಿಡೈಸ್ ಮಾಡೋದು) ತುಂಬಾ ಹಿಂದೆ ಬಿದ್ದಿದೆ. ಲೆಪ್ಟೊಸ್ಪೈರಿಲಮ್ ಗಂಧಕ ಮುಟ್ಟಲ್ಲ. ಫೆರೊಆಕ್ಸಿಡಾನ್ಸ್ ಎರಡನ್ನೂ ಆಕ್ಸಿಡೈಸ್ ಮಾಡುತ್ತೆ, ಆದರೆ ಇಷ್ಟು ಫೆರಸ್ ಇರುವಾಗ ಕಬ್ಬಿಣದ ಕಡೆಗೇ ವಾಲುತ್ತೆ. ಅಸಿಡಿಥಿಯೋಬ್ಯಾಸಿಲಸ್ ಥಿಯೋಆಕ್ಸಿಡಾನ್ಸ್ ಸೇರಿಸಿ. 45 ಡಿಗ್ರಿಗೆ ಏರಿಸುವುದಾದರೆ ಅದರ ಬದಲು ಅಸಿಡಿಥಿಯೋಬ್ಯಾಸಿಲಸ್ ಕಾಲ್ಡಸ್. ಇವು ಗಂಧಕವನ್ನು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. ಕ್ಯಾಲ್ಸೈಟ್ ಮುಗಿದ ಮೇಲೂ ಪಿಎಚ್ ಏರುತ್ತಲೇ ಇದ್ದರೆ ಇವು ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಅನುಮಾನಿಸಿ.

ತಾಮ್ರಗಿರಿ:
ಧನ್ಯವಾದ. ಬೆಳವಣಿಗೆಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಕೊಡಬಹುದಾ?

ಗಂಧಕಿ:
ಬೇಡ, ಇವು ಗಾಳಿಯ ಇಂಗಾಲದ ಡೈಆಕ್ಸೈಡಿನಲ್ಲೇ ಬದುಕುತ್ತವೆ. ಅಂಥ ಸಾವಯವ ಆಹಾರದಿಂದ ಬರುವ ಸಾವಯವ ಆಮ್ಲಗಳು ಇಷ್ಟು ಕಡಿಮೆ ಪಿಎಚ್‌ನಲ್ಲಿ ಜೀವಕೋಶದೊಳಗೆ ನುಗ್ಗಿ ಕೊಲ್ಲುತ್ತವೆ. ಅವನ್ನು ತಿಂದು ಶುಚಿ ಮಾಡೋದು ಅಸಿಡಿಫಿಲಿಯಮ್ ಅನ್ನೋ ಬೇರೆ ಬ್ಯಾಕ್ಟೀರಿಯಾ. ಸ್ಪೇನ್‌ನ ರಿಯೊ ಟಿಂಟೊ ನದಿಯಲ್ಲಿ ಅದು ನಿಮ್ಮ ಎರಡೂ ಬ್ಯಾಕ್ಟೀರಿಯಾಗಳ ಪಕ್ಕದಲ್ಲೇ ಇರುತ್ತೆ. ಅಗರ್ ಪ್ಲೇಟಿನಲ್ಲಿ ಬೆಳೆಸುವಾಗ ಕೆಳಪದರದಲ್ಲಿ ಅಸಿಡಿಫಿಲಿಯಮ್ ಬೆರೆಸಿ, ಮೇಲೆ ಅದಿಲ್ಲದ ಪದರ ಸುರಿಯಿರಿ. ಆಗ ಅಗರ್ ಒಡೆದು ಬರುವ ಸಕ್ಕರೆ ಅಲ್ಲೇ ಖಾಲಿಯಾಗಿ, ಮೇಲೆ ಕಬ್ಬಿಣದ ತುಕ್ಕು ಬಣ್ಣದ ಕಾಲನಿ ಏಳುತ್ತವೆ.