ಸಹಾಯ ಬೇಕು: ಗಾಳಿಯಲ್ಲಿ 20.9, ಸಿಲಿಂಡರಿನಲ್ಲಿ ಮಾತ್ರ 93

ಮಂಗಳೂರಿನಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ರಿಪೇರಿ ಮಾಡುತ್ತೇನೆ. ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಅಳೆಯುವ ನನ್ನ ಆಕ್ಸಿಜನ್ ಅನಲೈಸರಿನದು ಗ್ಯಾಲ್ವನಿಕ್ ಸೆನ್ಸರ್ (ಬ್ಯಾಟರಿಯಂತೆ ಸವೆಯುತ್ತಾ ಹೋಗುವಂಥದ್ದು), ಹಾಕಿಸಿ ಎರಡು ವರ್ಷ ದಾಟಿದೆ. ಅಂಗಡಿಯ ಜಗುಲಿಯಲ್ಲಿ ಹಿಡಿದು, ಒಣಗಾಳಿಯ ಸಹಜ ಪ್ರಮಾಣವಾದ 20.9ಕ್ಕೆ ಹೊಂದಿಸಿದರೆ ಅಲುಗದೆ ನಿಲ್ಲುತ್ತದೆ. ಆದರೆ ಸಿಲಿಂಡರಿನ ಶುದ್ಧ ಆಮ್ಲಜನಕ ಕೊಟ್ಟರೆ 93ರವರೆಗೆ ತೆವಳಿ ಅಲ್ಲೇ ಕುಳಿತುಬಿಡುತ್ತದೆ.

ಮೊದಲು ಮಳೆಗಾಲದ ತೇವವನ್ನೇ ಬೈದೆ. 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲಿ ಆಮ್ಲಜನಕ ಸುಮಾರು 20ಕ್ಕೆ ಇಳಿಯುತ್ತದೆ. ಆದರೆ ನಿಜವಾಗಿ 20 ಇರುವುದನ್ನು 20.9 ಎಂದು ಹೊಂದಿಸಿದ ಆ ತಪ್ಪಿನಿಂದ ಸಿಲಿಂಡರಿನಲ್ಲಿ ಅಂಕಿ ಏರಬೇಕಿತ್ತು, ಇಳಿಯಬಾರದಿತ್ತು! ಸಿಲಿಕಾ ಜೆಲ್ ಡಬ್ಬಿಯ ಮೂಲಕ ಒಣಗಾಳಿ ಹಾಯಿಸಿ ಮತ್ತೆ ಹೊಂದಿಸಿದೆ. ಸಿಲಿಂಡರಿನ ಅಂಕಿ ಇನ್ನಷ್ಟು ಇಳಿಯಿತು.

ಸೆನ್ಸರಿನ ಆಯಸ್ಸು ಮುಗಿಯಿತೇ? ಅಥವಾ 100ರಲ್ಲಿ ಹೊಂದಿಸಿ, ಗಾಳಿಯಲ್ಲಿ 20.9 ಬರುತ್ತದೆಯೇ ಎಂದು ನೋಡಿದರೆ ಸಾಕೇ? ರಿಪೇರಿಗೆ ಬಂದ, ಸರಿಯಿರುವ ಕಾನ್ಸಂಟ್ರೇಟರನ್ನೇ ಕೆಟ್ಟಿದೆ ಎಂದು ಹೇಳಿಬಿಟ್ಟೇನೆಂಬ ಅಳುಕು. ಅನುಭವವಿದ್ದವರು ದಯವಿಟ್ಟು ತಿಳಿಸಿ.